ಅತ್ತಿವೇರಿಯ ಹಕ್ಕಿಗಳು ಮತ್ತು 1930ರ ಕಾಗದ



ಹಕ್ಕಿಗಳ ಬಗ್ಗೆ ನಾವು ಬರೆಯಬಾರದು ಅಂತ ಯಾರೂ ಕಾಯ್ದೆ ಮಾಡಿಲ್ಲ. ಆದರೂ ನಮ್ಮವರೇ ಕೇಳುತ್ತಾರೆ: "ಹೊಟ್ಟಿಗಿ ಹಿಟ್ಟಿಲ್ಲದವರಿಗೆ ಹಕ್ಕಿ ಯಾತಕ್ಕೋ ತಮ್ಮಾ?" ಹಾಸ್ಟೆಲಿನ ನೀರು ಸಾರಿನ ಬಗ್ಗೆ ಬರಿ, ಬಾರದ ಸ್ಕಾಲರ್‌ಶಿಪ್ಪಿನ ಬಗ್ಗೆ ಬರಿ, ಬಾತುಕೋಳಿಯ ಉಸಾಬರಿ ನಿನಗ್ಯಾಕೆ ಅಂತ. ಮಾತು ಸುಳ್ಳಲ್ಲ. ಆದರೆ ಹಕ್ಕಿಯ ಹೆಸರಿನಲ್ಲಿ ಹಾಕುವ ಬೇಲಿ ಕೊನೆಗೆ ಬಂದು ನಿಲ್ಲುವುದು ಗೌಡರ ತೋಟದ ಹತ್ತಿರ ಅಲ್ಲ, ನಮ್ಮ ಕೇರಿಯ ಮಗ್ಗುಲಿಗೆ. ಅದಕ್ಕಾಗಿ ಬರೆಯಬೇಕು. ಆ ಹಕ್ಕಿಗಳನ್ನು ಪುಸ್ತಕದವರಿಗಿಂತ ಮೊದಲು ಕಂಡವರು ದನ ಕಾಯುವ, ಆಪು ಕೊಯ್ಯುವ, ಸಣ್ಣ ಮೀನು ಹಿಡಿಯುವ ನಮ್ಮ ಜನ ಅನ್ನುವುದಕ್ಕೂ ಬರೆಯಬೇಕು.

ದಾಂಡೇಲಿಯಿಂದ ಮೌಳಂಗಿಯ ಕಡೆ ಹೋಗಿ ನೋಡಿ. ಕಾಳಿ ಹೊಳೆ ಬಂಡೆಗಳ ನಡುವೆ ಸದ್ದು ಮಾಡುತ್ತ ಹರಿಯುತ್ತದೆ, ಪೇಟೆಯಿಂದ ಬಂದವರು ರಬ್ಬರಿನ ದೋಣಿಯಲ್ಲಿ ಕೂತು ಕೂಗುತ್ತಾರೆ. ಹಕ್ಕಿ ತೋರಿಸಿ ದುಡ್ಡು ಮಾಡುವ ದಂಧೆ ಈಗ ಈ ಸೀಮೆಯಲ್ಲಿ ಜೋರು. ಮಂಗಟ್ಟೆ ಹಕ್ಕಿಗೆ ಹಾರ್ನ್‌ಬಿಲ್ ಅಂತ ಹೆಸರಾಯಿತು, 2011ರಲ್ಲಿ ಅದರ ಹೆಸರಿನಲ್ಲೇ ದಾಂಡೇಲಿಯಲ್ಲಿ ಒಂದು ಸಂರಕ್ಷಿತ ಪ್ರದೇಶವೂ ಆಯಿತು. ಇದೇ ಹೊಳೆಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ಜನ ಇವತ್ತಿಗೂ ತಮ್ಮ ಹೊಲ ಎಲ್ಲಿತ್ತು ಅಂತ ನೀರಿನ ಕಡೆ ಬೆರಳು ತೋರಿಸುತ್ತಾರೆ. ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯೋಣ.

ಈಗ ನಾವು ಹೇಳಬೇಕಾದ್ದು ಮುಂಡಗೋಡ ತಾಲೂಕಿನ ಅತ್ತಿವೇರಿಯ ಮಾತು. ಅತ್ತಿವೇರಿ ಪಕ್ಷಿಧಾಮ ದೊಡ್ಡದೇನಲ್ಲ, ಒಟ್ಟು 2.23 ಚದರ ಕಿಲೋಮೀಟರು. ನಡುವೆ ಒಂದು ಜಲಾಶಯ, ಸುತ್ತ ಕಾಡು. ಈ ನೀರು ದೇವರು ಕೊಟ್ಟದ್ದಲ್ಲ, ಮನುಷ್ಯರು ಒಡ್ಡು ಹಾಕಿ ನಿಲ್ಲಿಸಿದ್ದು. ನೀರು ನಿಂತಿತು, ಮೀನು ಬಂತು, ಮೀನಿನ ಹಿಂದೆ ಹಕ್ಕಿ ಬಂತು. ನೀರುಕಾಗೆ, ಬೆಳ್ಳಕ್ಕಿ, ಬಿಳಿ ಕೆಂಬರಲು, ಮಿಂಚುಳ್ಳಿ, ಚಮಚದಂಥ ಕೊಕ್ಕಿರುವ ಕೊಕ್ಕರೆ. ನವೆಂಬರಿನಿಂದ ಮಾರ್ಚಿನ ತನಕ ಹೋದರೆ ಕಣ್ಣು ತುಂಬ ನೋಡಬಹುದು. ಚಮಚದ ಕೊಕ್ಕರೆ ಕೆಸರು ನೀರಿನಲ್ಲಿ ಕೊಕ್ಕನ್ನು ಆ ಕಡೆ ಈ ಕಡೆ ಆಡಿಸುತ್ತ ನಡೆಯುವುದನ್ನು ನೋಡಿ, ಥೇಟು ನಮ್ಮ ಅವ್ವಂದಿರು ಮೊರದಲ್ಲಿ ಕಾಳು ಕೇರುವ ಹಾಗೆ.

ಮುಂಡಗೋಡದಿಂದ ಮೂಡಣಕ್ಕೆ ಹೋದರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಕೆರೆ. ಕಾಡಿಲ್ಲ, ಗುಡ್ಡವಿಲ್ಲ, ಬಯಲುಸೀಮೆಯ ಬೋಳು ಕೆರೆ. ಚಳಿಗಾಲ ಬಂತೆಂದರೆ ಅಲ್ಲಿಗೆ ಪಟ್ಟೆ ತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಇಳಿಯುತ್ತವೆ. ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ, ಅದೇ ಗುರುತು. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ಟಿನ ಕಡೆ. ಅಲ್ಲಿಂದ ಇಲ್ಲಿಗೆ ಬರಬೇಕಾದರೆ ನಡುವೆ ಹಿಮಾಲಯ. ವಿಜ್ಞಾನಿಗಳು ಈ ಬಾತುಗಳಿಗೆ ಯಂತ್ರ ಕಟ್ಟಿ ನೋಡಿದಾಗ ಒಂದು ಬಾತು 7,290 ಮೀಟರು ಎತ್ತರದಲ್ಲಿ ಹಾರಿದ್ದು ದಾಖಲಾಯಿತು. ಆ ಎತ್ತರದಲ್ಲಿ ನಿಮ್ಮನ್ನು ನಮ್ಮನ್ನು ನಿಲ್ಲಿಸಿದರೆ ಉಸಿರು ಸಿಗದೆ ಕುಸಿಯುತ್ತೇವೆ. ಇವುಗಳ ರಕ್ತ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೇ ದಾಟುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಬಾತು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಾಣಿಸಿಕೊಂಡಿದ್ದುಂಟು. ಹಗಲು ನೀರಿನ ಮೇಲೆ ಕೂತಿರುತ್ತವೆ, ಹೊತ್ತು ಮುಳುಗುವ ಹೊತ್ತಿಗೆ ಎದ್ದು ಹೊಲಗಳಿಗೆ ಮೇಯಲು ಹೋಗುತ್ತವೆ. ಯಾರ ಹೊಲ? ಮಾಗಡಿಯ, ಸುತ್ತಲ ಹಳ್ಳಿಗಳ ರೈತರ ಹೊಲ. ಆ ಜನ ಕವಣೆ ಬೀಸಿ ಕೊಂದಿದ್ದರೆ ಮಾಗಡಿಗೆ ಹೆಸರೇ ಬರುತ್ತಿರಲಿಲ್ಲ. 2024ರ ಜನವರಿಯಲ್ಲಿ ಮಾಗಡಿ ಕೆರೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಿದರು, ನಮ್ಮ ಜಿಲ್ಲೆಯ ಅಘನಾಶಿನಿ ಅಳಿವೆಯೂ ಹೊಸಪೇಟೆ ಕಡೆಯ ಅಂಕಸಮುದ್ರವೂ ಜೊತೆಗೇ ಸೇರಿದವು. ರಾಮ್ಸಾರ್ ಅಂದರೆ ಇರಾನಿನ ಒಂದು ಊರು. 1971ರಲ್ಲಿ ಅಲ್ಲಿ ದೇಶ ದೇಶಗಳು ಕೂಡಿ, ಕೆರೆ ಕುಂಟೆ ಜೌಗು ನೆಲ ಉಳಿಸುತ್ತೇವೆಂದು ಒಪ್ಪಂದ ಮಾಡಿಕೊಂಡವು. ಭಾರತ 1982ರಲ್ಲಿ ಸೇರಿತು. ಹೊಲದಲ್ಲಿ ಬಾತು ಮೇಯಲು ಬಿಟ್ಟವರಿಗೆ ಯಾವ ಒಪ್ಪಂದದ ಕಾಗದವೂ ಬೇಕಾಗಿರಲಿಲ್ಲ.

ಬಾತುಗಳಿಗೆ ಪಾಸ್‌ಪೋರ್ಟಿಲ್ಲ. ಪಹಣಿ ಇಲ್ಲ. ನೀನು ಯಾವ ಊರವಳು, ನಿನ್ನ ಅಜ್ಜ ಎಲ್ಲಿದ್ದ ಅಂತ ಯಾರೂ ಅವುಗಳನ್ನು ಕೇಳುವುದಿಲ್ಲ. ಕೇಳಬಾರದು. ಚಳಿ ತಡೆಯಲಾರದೆ ಬಂದ ಜೀವಕ್ಕೆ ನೀರು, ನೆರಳು ಕೊಡುವುದು ಮನುಷ್ಯರ ಲಕ್ಷಣ. ಇದೇ ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನ ಜನ ಇದ್ದಾರೆ. ನಾಡು ಕಳಕೊಂಡು ಬಂದವರಿಗೆ ಸರಕಾರ ಇಲ್ಲಿ ಸುಮಾರು 4,000 ಎಕರೆ ಕೊಟ್ಟಿತು. ಕಾಡು ಕಡಿದು, ಮಲೇರಿಯಾ ತಿಂದು, ಹೊಲ ಮಾಡಿದರು. ನಮ್ಮವರು ಆ ಕ್ಯಾಂಪುಗಳ ಹೊಲದಲ್ಲಿ ಕೂಲಿ ಮಾಡಿದ್ದಾರೆ, ಸ್ವೆಟರ್ ಕೊಂಡಿದ್ದಾರೆ, ಜಗಳವನ್ನೂ ಆಡಿದ್ದಾರೆ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ನಿರಾಶ್ರಿತರಿಗೆ ನೆಲ ಕೊಟ್ಟ ಸರಕಾರವನ್ನು ಈ ಒಂದು ವಿಷಯಕ್ಕೆ ಮೆಚ್ಚಲೇಬೇಕು.

ಆದರೆ ಅದೇ ತಾಲೂಕಿನಲ್ಲಿ, ಅದೇ ಕಾಡಿನ ಅಂಚಿನಲ್ಲಿ ಎರಡೆಕರೆ ಮೂರೆಕರೆ ಉಳುಮೆ ಮಾಡುವ ನಮ್ಮ ಕಾಕಾನಿಗೆ, ದೊಡ್ಡಪ್ಪನಿಗೆ ಸರಕಾರಿ ಭಾಷೆಯಲ್ಲಿ ಇರುವ ಹೆಸರು ಅತಿಕ್ರಮಣದಾರ. ಉತ್ತರ ಕನ್ನಡದಲ್ಲಿ ಹುಟ್ಟಿದ ಮಗುವಿಗೆ ಅವ್ವ ಅಪ್ಪ ಅನ್ನುವ ಶಬ್ದದ ಹಿಂದೆಯೇ ಅತಿಕ್ರಮಣ ಅನ್ನುವ ಶಬ್ದವೂ ಬರುತ್ತದೆ. ಮೊದಲು 1978ರ ಏಪ್ರಿಲ್ 27 ಅನ್ನುವ ಗೆರೆ ಎಳೆದರು. ಅದಕ್ಕಿಂತ ಮುಂಚೆ ಹೊಕ್ಕವರಿಗೆ ಸಕ್ರಮ, ಆಮೇಲೆ ಹೊಕ್ಕವರಿಗೆ ಇಲ್ಲ. ಮುಂಚೆ ಹೊಕ್ಕವರಲ್ಲೂ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅಂತ ಊರೂರಿನಲ್ಲಿ ಕೇಳಿ ನೋಡಿ. ಕಾಗದ ಇಟ್ಟುಕೊಂಡವರಿಗೆ ಸಿಕ್ಕಿತು. ತಲಾಟಿಯ ಮನೆಗೆ ಹೋಗಿ ಜಗಲಿಯ ಮೇಲೆ ಕೂರಬಲ್ಲವರಿಗೆ ಸಿಕ್ಕಿತು. ಅಂಗಳದ ಆಚೆ ನಿಂತವರಿಗೆ?

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯ ಆಗಿದೆ ಅಂತ ಸರಕಾರವೇ ಪೀಠಿಕೆಯಲ್ಲಿ ಒಪ್ಪಿಕೊಂಡ ಕಾಯ್ದೆ ಇದು. ಬುಡಕಟ್ಟಿನವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಸ್ವಾಧೀನ ಇದ್ದರೆ ಸಾಕು. ಬೇರೆಯವರಾದರೆ ಆ ತಾರೀಕಿಗೆ ಹಿಂದಿನ ಮೂರು ತಲೆಮಾರು ಕಾಡಿನಲ್ಲಿ ವಾಸವಿದ್ದು ಅದನ್ನೇ ನಂಬಿ ಬದುಕಿದ್ದಾರೆಂದು ತೋರಿಸಬೇಕು. ಒಂದು ತಲೆಮಾರಿಗೆ 25 ವರ್ಷ ಅಂತ ಕಾಯ್ದೆಯೇ ಲೆಕ್ಕ ಕೊಟ್ಟಿದೆ. ಮೂರಕ್ಕೆ 75. ಕಳೆದು ನೋಡಿ, 1930 ಬರುತ್ತದೆ.

ಹಳಿಯಾಳ, ಮುಂಡಗೋಡದ ವಾಡೆಗಳಲ್ಲಿ ಸಿದ್ದಿಗಳು, ನಮ್ಮವರು, ಗೌಳಿಗಳು ಮಗ್ಗುಲು ಮಗ್ಗುಲಿಗೆ ಇದ್ದಾರೆ. ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ತಡವಾಗಿಯಾದರೂ ಆದ ನ್ಯಾಯ. ಆದರೆ ಒಂದೇ ಬೇಲಿಯ ಈ ಕಡೆಯ ಸಿದ್ದಿಯ ಮನೆಗೆ 2005 ಕೇಳುವ ಕಾಯ್ದೆ ಆ ಕಡೆಯ ಹೊಲೆಯ ಮಾದಿಗರ ಮನೆಗೆ, ಗೌಳಿಯ ಕೊಟ್ಟಿಗೆಗೆ, ಜೋಯಿಡಾದ ಕುಣಬಿಯ ಗದ್ದೆಗೆ 1930 ಕೇಳುತ್ತದೆ. ಪರಿಶಿಷ್ಟ ಜಾತಿ ಅನ್ನುವ ಪಟ್ಟಿ ಈ ಕಾಯ್ದೆಯ ಕಣ್ಣಿಗೆ ಕಾಣುವುದೇ ಇಲ್ಲ. ನಾವು ಇಲ್ಲಿ 'ಇತರೆ'.

1930ರಲ್ಲಿ ನಾವು ಎಲ್ಲಿದ್ದೆವು? ಆಗ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಅದೇ ಮುಂಬಯಿ ಪ್ರಾಂತದ ಕೌನ್ಸಿಲ್ಲಿನಲ್ಲಿ 1923ರಲ್ಲಿ ಎಸ್.ಕೆ. ಬೋಲೆ ಅನ್ನುವವರು ಠರಾವು ತಂದರು. ಸರಕಾರದ ಹಣದಿಂದ ಕಟ್ಟಿದ, ನೋಡಿಕೊಳ್ಳುವ ಕೆರೆ ಬಾವಿ ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದು ಅಂತ. ಠರಾವು ಪಾಸಾಯಿತು, ಕಡತಕ್ಕೆ ಹೋಯಿತು. ಮಹಾಡದ ಮುನಿಸಿಪಾಲಿಟಿ 1924ರಲ್ಲಿ ತನ್ನ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಅಂದಿತು. ನೀರು ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕರಕೊಂಡು ಹೋಗಿ ಆ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಅವತ್ತು ಅಲ್ಲಿ ಕಲ್ಲು ಬಿತ್ತು, ಬಡಿಗೆ ಬಿತ್ತು. ಆಮೇಲೆ ಕೆರೆಗೆ ಮಡಿ ಮಾಡಿದರು. ಆ ಹಕ್ಕು ಇದೆ ಅಂತ ಮುಂಬಯಿ ಹೈಕೋರ್ಟು ಹೇಳಿದ್ದು 1937ರಲ್ಲಿ. ಅಷ್ಟರ ತನಕ ಆ ಕೆರೆಯಲ್ಲಿ ದನ ನೀರು ಕುಡಿಯಿತು, ನಾಯಿ ಕುಡಿಯಿತು, ಬೆಳ್ಳಕ್ಕಿ ಕುಡಿಯಿತು. ಹಕ್ಕಿಗೆ ಇದ್ದ ಹಕ್ಕು ಮನುಷ್ಯನಿಗೆ ಇರಲಿಲ್ಲ ಅನ್ನುವುದು ನಾವು ಕಟ್ಟಿದ ಪದ್ಯವಲ್ಲ, ಕೋರ್ಟಿನ ದಾಖಲೆ.

ನೀರಿಗೇ ಇಷ್ಟಾದ ಕಾಲದಲ್ಲಿ ನೆಲದ ಕಾಗದ ನಮ್ಮ ಅಜ್ಜನ ಕೈಗೆ ಯಾರು ಕೊಡುತ್ತಿದ್ದರು? ಸರಕಾರದ ಹುಕುಂ ಬಂದಾಗ ಊರ ತುಂಬ ಡಂಗುರ ಹೊಡೆದದ್ದು ನಮ್ಮ ಅಜ್ಜ. ಹಲಗಿ ಬಡಿದು ಊರಿಗೆಲ್ಲ ಸುದ್ದಿ ಮುಟ್ಟಿಸಿದ. ಆ ಹುಕುಮಿನಲ್ಲಿ ತನ್ನ ನೆಲದ ಮಾತೂ ಇದೆಯೇನು ಅಂತ ಅವನಿಗೆ ಓದಿ ಹೇಳಿದವರಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲೂ ಒಂದು ಒಳ್ಳೆಯ ಮಾತಿದೆ. ಅಭಯಾರಣ್ಯ ಮಾಡುವ ಮುಂಚೆ ಕಲೆಕ್ಟರು ಸುತ್ತಲ ಹಳ್ಳಿಗಳಲ್ಲಿ ಆ ಸೀಮೆಯ ಭಾಷೆಯಲ್ಲೇ ಪ್ರಕಟಣೆ ಹೊರಡಿಸಬೇಕು, ಹಕ್ಕು ಇದ್ದವರು ಎರಡು ತಿಂಗಳೊಳಗೆ ಅರ್ಜಿ ಕೊಡಬೇಕು ಅಂತ. ಎರಡು ತಿಂಗಳು! ಓದು ಬಾರದ ಕೇರಿಗೆ, ಸುಗ್ಗಿಯ ಕಾಲದಲ್ಲಿ ಗುಳೆ ಹೋದ ಕೇರಿಗೆ ಎರಡು ತಿಂಗಳು. ಪಂಚಾಯತಿಯ ಗೋಡೆಗೆ ಅಂಟಿಸಿದ ಕಾಗದ ಮಳೆಗೆ ತೊಯ್ದು ಹೋಗಲಿಕ್ಕೆ ಅಷ್ಟೂ ದಿನ ಬೇಕಿಲ್ಲ.

ಇಷ್ಟು ಹೇಳಿದರೆ ಹಕ್ಕಿ ಪ್ರೇಮಿಗಳು ಒಂದು ಮಾತು ಅನ್ನುತ್ತಾರೆ. ನಾವು ಕಾಲೇಜಿನಲ್ಲಿದ್ದಾಗ ಕೇಳಿದ ಮಾತು, ಭಾಷಣ ಮಾಡಿದವರ ಹೆಸರು ಬೇಡ: "ಈ ಜನರನ್ನು ಒಳಗೆ ಬಿಟ್ಟರೆ ದನ ಮೇಯಿಸಿ, ಮೀನು ಹಿಡಿದು, ಎಲ್ಲ ತಿಂದು ಹಾಕುತ್ತಾರೆ." ಹಿಂದಿನ ಬೆಂಚಿನಲ್ಲಿ ಕೂತ ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಆವತ್ತು ಉತ್ತರ ಗೊತ್ತಿರಲಿಲ್ಲ. ಉತ್ತರ ರಾಜಸ್ಥಾನದಲ್ಲಿತ್ತು.

ಭರತಪುರದ ಕೇವಲಾದೇವ ಪಕ್ಷಿಧಾಮದ ಹೆಸರು ನೀವು ಕೇಳಿರಬೇಕು. ಸುಮಾರು 29 ಚದರ ಕಿಲೋಮೀಟರು. ಭರತಪುರದ ರಾಜರು ನೀರು ಕಟ್ಟಿ ಬಾತು ಬೇಟೆಗೆಂದೇ ಮಾಡಿಸಿದ ಜೌಗು ಅದು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಸಾಹೇಬನ ಪರಿವಾರ ಒಂದೇ ದಿನ ಅಲ್ಲಿ ಹೊಡೆದುರುಳಿಸಿದ ಹಕ್ಕಿಗಳು 4,273. ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾರೆ, ಹೆಮ್ಮೆಯ ಕೆಲಸ ನೋಡಿ! ಉರುಲು ಹಾಕಿ ಒಂದು ಬೆಳ್ಳಕ್ಕಿ ಹಿಡಿದವನ ಮೇಲೆ ಕೇಸು, ನಾಲ್ಕು ಸಾವಿರ ಹೊಡೆದವನಿಗೆ ಶಾಸನ.

ಸ್ವಾತಂತ್ರ್ಯ ಬಂದ ಮೇಲೆ ಅದು ಪಕ್ಷಿಧಾಮವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನವಾಯಿತು. ಇವೆರಡರ ನಡುವಿನ ವ್ಯತ್ಯಾಸ ನಾವು ತಿಳಿದಿರಬೇಕು. ಅಭಯಾರಣ್ಯದಲ್ಲಿ ಕೆಲವು ಹಕ್ಕುಗಳನ್ನು ಮುಂದುವರಿಸಲು ಕಾಯ್ದೆಯಲ್ಲೇ ಜಾಗವಿದೆ, ಮೇವನ್ನು ಹತೋಟಿಯಲ್ಲಿಟ್ಟು ಬಿಡಬಹುದು. ರಾಷ್ಟ್ರೀಯ ಉದ್ಯಾನದೊಳಗೆ ದನ ಕಾಲಿಡುವಂತಿಲ್ಲ. 1982ರ ನವೆಂಬರಿನಲ್ಲಿ ಭರತಪುರದಲ್ಲಿ ಮೇವು ನಿಲ್ಲಿಸಿದರು. ತಲೆತಲಾಂತರದಿಂದ ಎಮ್ಮೆ ಮೇಯಿಸಿದ ಹಳ್ಳಿಗಳವರು ಎಮ್ಮೆ ಹೊಡಕೊಂಡು ಬಂದರು. ಪೊಲೀಸರು ಗುಂಡು ಹಾರಿಸಿದರು. ಹಳ್ಳಿಗರು ಸತ್ತರು.

ಮುಂದೆ ಆದದ್ದನ್ನು ಗಮನವಿಟ್ಟು ಕೇಳಿ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಅದೇ ಜಾಗದಲ್ಲಿ ಹತ್ತು ವರ್ಷ ಕೂತು ಅಭ್ಯಾಸ ಮಾಡಿದರು. ಸೊಸೈಟಿ ಅಂದರೆ ಎಮ್ಮೆಗಳ ಪರವಾಗಿದ್ದದ್ದಲ್ಲ. ಮೇವು ನಿಲ್ಲಬೇಕು ಅಂದವರಲ್ಲಿ ಅದಕ್ಕೆ ದೊಡ್ಡ ಹೆಸರಾದ ಸಲೀಂ ಅಲಿಯವರೂ ಇದ್ದರು. ಅಭ್ಯಾಸದಲ್ಲಿ ಕಂಡದ್ದು ಏನೆಂದರೆ, ಎಮ್ಮೆ ಹೋದ ಮೇಲೆ ಒಂದು ಜಾತಿಯ ನೀರು ಹುಲ್ಲು ಹುಚ್ಚಾಗಿ ಬೆಳೆದು ಜೌಗನ್ನೇ ಮುಚ್ಚಿಬಿಟ್ಟಿತು. ಬಾತಿಗೆ ಬೇಕಾದದ್ದು ತೆರೆದ ನೀರು. ಈಜಬೇಕು, ಮುಳುಗಬೇಕು, ಗಡ್ಡೆ ಕೀಳಬೇಕು. ಎಮ್ಮೆ ಮೇದು, ತುಳಿದು, ಕೆಸರಿನಲ್ಲಿ ಹೊರಳಿ ಆ ನೀರನ್ನು ತೆರೆದಿಟ್ಟಿತ್ತು. ಎಮ್ಮೆಯನ್ನು ಹೊರಗೆ ಹಾಕಿದ ಮೇಲೆ ಬಾತುಗಳಿಗೆ ಜಾಗ ಕಡಿಮೆಯಾಯಿತು. ಕೊನೆಗೆ ಆ ಹುಲ್ಲನ್ನು ಕೊಯ್ದುಕೊಂಡು ಹೋಗಿ ಅಂತ ಹಳ್ಳಿಯವರನ್ನೇ ಒಳಗೆ ಬಿಡಬೇಕಾಯಿತು. ಸತ್ತವರು ಆ ಹೊತ್ತಿಗೆ ಸತ್ತಾಗಿತ್ತು.

ಸೈಬೀರಿಯಾದಿಂದ ಬರುತ್ತಿದ್ದ ಬಿಳಿ ಕ್ರೌಂಚ ಭರತಪುರದ ಕಿರೀಟದಂತಿತ್ತು. ಕೊನೆಯ ಜೋಡಿ ಕಂಡದ್ದು 2001-02ರ ಚಳಿಗಾಲದಲ್ಲಿ. ಅದು ನಶಿಸಿದ್ದು ಮೇವು ನಿಲ್ಲಿಸಿದ್ದರಿಂದ ಅಂತ ನಾವು ಹೇಳುವುದಿಲ್ಲ. ದಾರಿಯುದ್ದಕ್ಕೂ, ದೇಶ ದೇಶಗಳಲ್ಲಿ ಬೇಟೆಯಾಡಿದರು, ತಂಗುವ ಜೌಗುಗಳನ್ನು ಒಣಗಿಸಿದರು. ಆದರೆ ಒಂದು ಮಾತಂತೂ ನಿಜ, ಎಮ್ಮೆ ಕಾಯುವವನನ್ನು ಹೊಡೆದಟ್ಟಿದ್ದರಿಂದ ಆ ಹಕ್ಕಿ ಉಳಿಯಲಿಲ್ಲ.

ರಾಜಸ್ಥಾನ ದೂರ ಅನ್ನುವವರಿಗೆ ನಮ್ಮ ಜಿಲ್ಲೆಯದೇ ಇನ್ನೊಂದು ಕಥೆ ಇದೆ. ಹಕ್ಕಿಯದಲ್ಲ, ಬಿದಿರಿನದು. ಪಾಠ ಮಾತ್ರ ಅದೇ. ದಾಂಡೇಲಿಯ ಕಾಗದದ ಕಾರ್ಖಾನೆ ಶುರುವಾದ ಮೇಲೆ ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗದಂತಾಯಿತು. ಕೂಗೆದ್ದಿತು. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಇದನ್ನು ಅಭ್ಯಾಸ ಮಾಡಲು ಬಂದರು. ಹಳ್ಳಿಯವರು ದನ ಮೇಯಿಸಿ ಬೆಂಕಿ ಹಾಕಿ ಬಿದಿರು ಕೆಡಿಸಿದರು ಅನ್ನುವುದು ಇಲಾಖೆಯ ಮಾತಾಗಿತ್ತು. ಹಳ್ಳಿಯವರು ಹೇಳಿದ್ದು ಬೇರೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಕಾರ್ಖಾನೆಗೆ ಕಡಿಯುವಾಗ ಕೆಲಸ ಸಸಾರವಾಗಲಿ ಅಂತ ಆ ಮುಳ್ಳನ್ನು ಸವರಿ ಹಾಕುತ್ತಿದ್ದರು. ಮುಳ್ಳು ಹೋಯಿತು, ಎಳೆ ಕಳಲೆ ಬಯಲಿಗೆ ಬಿತ್ತು, ದನ ತಿಂದವು, ಕಾಡುಪ್ರಾಣಿಗಳೂ ತಿಂದವು. ಗಾಡ್ಗೀಳರು ಅಳೆದು ತೂಗಿ ನೋಡಿದಾಗ ಹಳ್ಳಿಯವರ ಮಾತೇ ಖರೆಯಾಯಿತು. ಕಳಲೆ ಯಾಕೆ ಬದುಕುತ್ತದೆ ಅಂತ ಕಳಲೆ ಪಲ್ಯ ತಿನ್ನುವವರಿಗೆ ಗೊತ್ತಿತ್ತು, ಅಷ್ಟೇ ವಿಷಯ. ಅವರನ್ನು ಕೇಳಲಿಕ್ಕೆ ಒಬ್ಬ ವಿಜ್ಞಾನಿ ಪುಣೆಯಿಂದ ಹುಟ್ಟಿ ಬರಬೇಕಾಯಿತು.

ಹಾಗಂತ ನಮ್ಮ ಕೇರಿಯವರೆಲ್ಲ ಹುಟ್ಟಾ ಪಕ್ಷಿಪ್ರೇಮಿಗಳು ಅಂತ ಬರೆದರೆ ಅದೂ ಸುಳ್ಳೇ. ಹಸಿವಿದ್ದಲ್ಲಿ ಉರುಲು ಇತ್ತು. ಹುಳಿ ಹಿಂಡಿ ಬೇಯಿಸಿದ ಕೊಕ್ಕರೆ ತಿಂದು ಬೆಳೆದವರು ನಮ್ಮಲ್ಲಿದ್ದಾರೆ, ಅದಕ್ಕೆ ನಾಚಬೇಕಾದ್ದಿಲ್ಲ. ನಾಚಬೇಕಾದ್ದು ಈಗ ಹೊಟ್ಟೆ ತುಂಬಿದ ಮೇಲೆ ಮೋಜಿಗೆ ಬಲೆ ಹಾಕಿ ಢಾಬಾಕ್ಕೆ ಮಾರುವವರು. ಅಂಥ ಕೆಲಸಕ್ಕೆ ಕೂಲಿಗೆ ಹೋಗುವವರು ನಮ್ಮ ಓಣಿಯ ಹುಡುಗರು ಅನ್ನುವುದು ಇನ್ನೂ ನೋವಿನ ಮಾತು. ಸಿಕ್ಕಿಬೀಳುವುದು ಬಲೆ ಹಿಡಿದವನು, ಬಲೆ ಕೊಟ್ಟವನಲ್ಲ. ಹೇಳಿಬಿಡಿ ಅವರಿಗೆ. ಅಣ್ಣನಾದರೆ ಅಣ್ಣನಿಗೆ, ತಮ್ಮನಾದರೆ ತಮ್ಮನಿಗೆ.

ಅತ್ತಿವೇರಿಯಂಥ ಪಕ್ಷಿಧಾಮ ಬೇಕೋ ಬೇಡವೋ ಅಂದರೆ ನಮ್ಮ ಉತ್ತರ ಒಂದೇ: ಬೇಕು. ಕೆರೆ ಹೂಳು ತುಂಬಿ, ಅಂಚು ಒತ್ತುವರಿಯಾಗಿ, ಕೊನೆಗೆ ಸೈಟಾಗಿ ಹೋಗುವುದನ್ನು ಎಲ್ಲ ಕಡೆ ನೋಡುತ್ತಿದ್ದೇವೆ. ಆ ಸೈಟು ನಮಗೇನೂ ಸಿಗುವುದಿಲ್ಲ. ಪಕ್ಷಿಧಾಮ ಅಂತ ಬೋರ್ಡು ಇದ್ದರೆ ನೀರಾದರೂ ಉಳಿಯುತ್ತದೆ, ನೀರಿದ್ದರೆ ಕೆಳಗಿನ ಬಾವಿಗಳೂ ಬದುಕುತ್ತವೆ. ಮದ್ದೂರಿನ ಕಡೆ ಕೊಕ್ಕರೆ ಬೆಳ್ಳೂರು ಅಂತ ಒಂದು ಊರಿದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ, ಮನೆಯ ಹಿತ್ತಲ ಹುಣಸೆಯಲ್ಲೇ ಗೂಡು ಕಟ್ಟುತ್ತವೆ. ಬೇಲಿಯಿಲ್ಲ. 2007ರಲ್ಲಿ ಅದನ್ನು ಸಮುದಾಯ ಮೀಸಲು ಅಂತ ಮಾಡಿದರು. ಜನರನ್ನು ಎಬ್ಬಿಸದೆ ಹಕ್ಕಿ ಉಳಿಸಲು ಕಾಯ್ದೆಯಲ್ಲೇ ದಾರಿಯುಂಟು ಅಂತ ಇದರಿಂದ ಗೊತ್ತಾಗುತ್ತದೆ. ಅತ್ತಿವೇರಿಯಂಥ ಕಡೆ ಗೈಡು, ವಾಚರ್, ದೋಣಿ, ಕ್ಯಾಂಟೀನು ಅಂತ ಕೆಲಸ ಬಂದಾಗ ಸುತ್ತಲ ಕೇರಿ ವಾಡೆಗಳಿಗೆ ಮೊದಲ ಪಾಲು ಬೇಕು ಅಂತ ಕೇಳಬೇಕು. ದಿನಗೂಲಿ ವಾಚರ್ ಆಗಿ ಮುದಿಯಾಗುವ ಕೆಲಸವಲ್ಲ, ಖಾಯಂ ಕೆಲಸ.

ಇನ್ನು 1930ರ ಕಾಗದ. ಇಲ್ಲಿ ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಕೈತುಂಬ ಕೆಲಸ ಇದೆ. ನಮ್ಮ ಜನ ಅರ್ಜಿ ಕೊಟ್ಟು, 'ದಾಖಲೆ ಇಲ್ಲ' ಅಂತ ತಿರಸ್ಕಾರದ ಹಿಂಬರಹ ತಗೊಂಡು, ಹಣೆಬರಹ ಅಂತ ಸುಮ್ಮನಾಗಿದ್ದಾರೆ. 2019ರ ಫೆಬ್ರುವರಿ 13ರಂದು ತಿರಸ್ಕೃತರನ್ನೆಲ್ಲ ಎಬ್ಬಿಸಿ ಅಂತ ಸುಪ್ರೀಂ ಕೋರ್ಟು ಹೇಳಿದಾಗ ಎಷ್ಟೋ ಮನೆಯಲ್ಲಿ ಒಲೆ ಹತ್ತಲಿಲ್ಲ. ಅದೇ ತಿಂಗಳು 28ಕ್ಕೆ ಆ ಆದೇಶಕ್ಕೆ ತಡೆ ಬಂತು. ತಡೆ ಅಂದರೆ ತಡೆ ಅಷ್ಟೇ, ಹಕ್ಕುಪತ್ರ ಅಲ್ಲ.

ನಿಯಮಗಳನ್ನು ನಾವೇ ಓದಬೇಕು. ಮೂರು ತಲೆಮಾರು ವಾಸ ಮತ್ತು ಅವಲಂಬನೆ ಅಂತ ಕಾಯ್ದೆ ಕೇಳುತ್ತದೆ, ಅದೇ ತುಂಡು ಹೊಲವನ್ನು 75 ವರ್ಷ ಉತ್ತಿರಬೇಕು ಅಂತ ಹೇಳಿಲ್ಲ. ಯಾವುದೇ ಒಂದು ನಮೂನೆಯ ಕಾಗದವೇ ಬೇಕು ಅಂತ ಸಮಿತಿಗಳು ಹಟ ಹಿಡಿಯಬಾರದು ಅಂತ 2012ರ ತಿದ್ದುಪಡಿಯಲ್ಲಿದೆ. 13ನೇ ನಿಯಮದಲ್ಲಿ ಸಾಕ್ಷ್ಯಗಳ ದೊಡ್ಡ ಪಟ್ಟಿಯಿದೆ. ಹಳೆಯ ಬಾವಿ, ಹೂಳುವ ಜಾಗ, ದೇವರ ಜಾಗ, ಹೊಲದ ಒಡ್ಡು, ವಂಶಾವಳಿ, ಎಲ್ಲಕ್ಕೂ ಬೆಲೆಯಿದೆ. ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ. ಆದರೆ ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರೇ ಆಗಿರಬಾರದು, ಬೇರೆಯವರಿರಬೇಕು. ಇಂಥ ಸಾಕ್ಷ್ಯಗಳಲ್ಲಿ ಕನಿಷ್ಠ ಎರಡು ಬೇಕು. ಅಭಯಾರಣ್ಯದೊಳಗಿನ ನೆಲಕ್ಕೂ ಈ ಕಾಯ್ದೆ ಅನ್ವಯ. ಕೆರೆಯ ಮೀನಿಗೆ, ಮೇವಿಗೆ ಊರಿಗೆ ಊರೇ ಕೂಡಿ ಸಾಮುದಾಯಿಕ ಹಕ್ಕು ಕೇಳಬಹುದು. ಅರ್ಜಿ ಇತ್ಯರ್ಥವಾಗುವ ತನಕ ಎಬ್ಬಿಸುವಂತಿಲ್ಲ. ತಿರಸ್ಕಾರವಾದರೆ ಮೇಲಿನ ಸಮಿತಿಗೆ ಹೋಗಲು 60 ದಿನ.

ನಮಗಿರುವುದು ಕಡಿಮೆ ಹೊತ್ತು. 1930ನ್ನು ಕಣ್ಣಾರೆ ಕಂಡವರು ಉಳಿದಿಲ್ಲ. ಕಂಡವರ ಬಾಯಿಂದ ಕೇಳಿದವರು ಉಳಿದಿದ್ದಾರೆ, ಅವರೂ ಈಗ ಎಂಬತ್ತರ ಮೇಲಿನವರು. "ನಮ್ಮಪ್ಪ ಈ ಒಡ್ಡಿನ ಮಣ್ಣ ಹೊತ್ತಾನ, ಅವನ್ನ ಆ ಹಲಸಿನ ಬುಡಕ ಹೂಳೇವಿ" ಅಂತ ಹೇಳಬಲ್ಲ ಆಯಿ ಸತ್ತರೆ ಒಂದು ದಫ್ತರವೇ ಸುಟ್ಟ ಹಾಗೆ. ಕ್ರಿಸ್‌ಮಸ್ ರಜೆಗೆ ಊರಿಗೆ ಹೋದಾಗ, ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟ ದಿನದ ಭಾಷಣ ಮುಗಿದ ಮೇಲೆ, ಒಂದು ಎರಡು ನೂರು ಪುಟದ ನೋಟುಬುಕ್ಕು ತಗೊಂಡು ಕೂಡಿ. ಹೆಸರು, ವಯಸ್ಸು, ಯಾರ ಮಗ, ಅಪ್ಪನ ಕಾಲದಲ್ಲಿ ಎಷ್ಟು ಮನೆ, ನೀರು ಎಲ್ಲಿಂದ ತರುತ್ತಿದ್ದರು, ಯಾರನ್ನು ಎಲ್ಲಿ ಹೂಳಿದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ನಿಮ್ಮ ಬಿ.ಎ. ಕನ್ನಡ ಹಚ್ಚಬೇಡಿ.

ಅದೇ ನೋಟುಬುಕ್ಕಿನ ಹಿಂದಿನ ಪುಟಗಳಿಂದ ಹಕ್ಕಿ ಎಣಿಸಿ. 1987ರಿಂದ ಪ್ರತಿ ಜನವರಿ ನಮ್ಮ ದೇಶದಲ್ಲೂ ನೀರಹಕ್ಕಿಗಳ ಗಣತಿ ನಡೆಯುತ್ತದೆ, ಏಷ್ಯಾದ ದೇಶಗಳೆಲ್ಲ ಒಟ್ಟಿಗೆ ಮಾಡುವ ಗಣತಿ. ಅದಕ್ಕೆ ಡಿಗ್ರಿ ಬೇಡ, ಜಾತಿ ಸರ್ಟಿಫಿಕೇಟು ಬೇಡ, ಯಾರು ಬೇಕಾದರೂ ಸೇರಬಹುದು. ಬೈನಾಕ್ಯುಲರಿಗೆ ದುಡ್ಡಿಲ್ಲದಿದ್ದರೆ ಹತ್ತು ಜನ ಕೂಡಿ ಒಂದು ಕೊಳ್ಳಿ. ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಯಾವುದು ಕೂರುತ್ತದೆ ಅಂತ ದನ ಕಾಯುವ ಕಾಕಾನನ್ನು ಕೇಳಿ, ಪುಸ್ತಕಕ್ಕಿಂತ ಮೊದಲು ಅವನೇ ಹೇಳುತ್ತಾನೆ. ಅವನು ಹೇಳಿದ ಹೆಸರನ್ನೂ ಪುಸ್ತಕದ ಹೆಸರನ್ನೂ ಎದುರು ಬದುರು ಬರಕೊಳ್ಳಿ. ಗಣತಿಯ ಪಟ್ಟಿ ಒಪ್ಪಿಸುವಾಗ ಎಣಿಸಿದವರ ಹೆಸರಿನ ಜಾಗದಲ್ಲಿ ಅವನ ಹೆಸರನ್ನೂ ಬರೆಯಿರಿ.

ಬೆಳಗಿನ ಹೊತ್ತು ಕೆರೆ, ಬಿಸಿಲೇರಿದ ಮೇಲೆ ಕೇರಿ. ಹೇಳಿಕೆಯ ಒಂದೊಂದು ಪ್ರತಿ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ, ಇನ್ನೊಂದು ಪ್ರತಿ ಮನೆಯಲ್ಲಿರಲಿ. ಸಹಿ ಬಾರದ ಅಜ್ಜಂದಿರೇ ಜಾಸ್ತಿ, ಹೋಗುವಾಗ ಹೆಬ್ಬೆಟ್ಟಿಗೆ ಇಂಕಿನ ಪ್ಯಾಡು ಮರೆಯಬೇಡಿ.